ಎರಡನೇ ಗುಟುಕು

ಬೆಳಗ್ಗೆ ಯಂತ್ರ ಕಾದ ಮೇಲೆ ಇಳಿಯುವ ಮೊದಲ ಕಪ್ಪು ಗಿರಾಕಿಗಲ್ಲ, ಮಾಡಿದವರೇ ಕುಡಿದು ನೋಡಬೇಕು. ಗಂಗಾವತಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕೆಫೆ ತೆರೆದ ಹನಮೇಶ, ಕೆಲಸಕ್ಕೆ ಸೇರಿದ ದಿನವೇ ಮೆಹರಾಜಳಿಗೆ ಹೇಳಿಕೊಟ್ಟ ಕಟ್ಟಳೆ ಇದು. "ಅಕ್ಕಾ, ಕೈ ಸುಳ್ಳ ಹೇಳತೈತಿ, ನಾಲಿಗಿ ಹೇಳಂಗಿಲ್ಲ," ಅಂದಿದ್ದ. ಎರಡು ವರ್ಷದಲ್ಲಿ ಆಕೆ ಅದನ್ನು ಒಂದು ದಿನವೂ ತಪ್ಪಿಸಿದವಳಲ್ಲ. ಒಂದು ಗುಟುಕು ನಾಲಿಗೆಯ ಮೇಲೆ ಹೊರಳಿದರೆ ಸಾಕು, ಪುಡಿ ಎಷ್ಟು ಸಣ್ಣಗಿದೆ, ಹಾಲು ಎಷ್ಟು ಕಾದಿದೆ, ಎಲ್ಲ ತಿಳಿಯುತ್ತಿತ್ತು.

ರಂಜಾನ್ ತಿಂಗಳಲ್ಲಿ ಮಾತ್ರ ರುಚಿ ನೋಡುವ ಪಾಳಿ ಹನಮೇಶನದು. ಅವನ ಬಾಯಲ್ಲಿ ಸದಾ ಎಲೆಅಡಿಕೆ. ಯಾವ ಕಪ್ಪು ಕೊಟ್ಟರೂ "ಛಲೋ ಐತಿ ಬಿಡು" ಅನ್ನುವ ಆಸಾಮಿ. ಹನ್ನೆರಡು ದಿನದಿಂದ ಗಿರಾಕಿಗಳು ಮುಖ ಕಿವಿಚುತ್ತಿದ್ದರು. ಅಕ್ಕಿ ಗಿರಣಿಯ ಗುಮಾಸ್ತ ಮುದಿಯಪ್ಪನಂತೂ ಮುಚ್ಚಿಟ್ಟುಕೊಳ್ಳಲಿಲ್ಲ. ಮನೆ ಮನಿಯಾಗುವ ಅವನ ಬಾಯಲ್ಲಿ ನೊರೆಹಾಲಿನ ಕಾಫಿ 'ಲಾಟೆ' ಲಾಟಿಯಾಗುತ್ತಿತ್ತು.

"ಏನವಾ ಮೆಹರಾಜ, ನಿನ್ನಿ ಕೊಟ್ಟ ಲಾಟಿ ಪೊಲೀಸರು ಹೊಡದಂಗ ಇತ್ತಲ್ಲ! ಗಂಟಲ ಇನ್ನೂ ಉರಿಯಾಕತ್ತೈತಿ."

ಆ ಮಾತು ಆಕೆಗೆ ಚುಚ್ಚಿತ್ತು. ಕೆಟ್ಟದ್ದನ್ನು ಕೈಯಾರೆ ಮಾಡಿ ಕೊಟ್ಟು, ಅದು ಕೆಟ್ಟದ್ದೆಂದು ತಿಳಿಯಲಾರದೆ ನಿಲ್ಲುವುದಿದೆಯಲ್ಲ, ಅದರ ಸಂಕಟ ಮಾಡುವವರಿಗೇ ಗೊತ್ತು.

ಹದಿಮೂರನೆಯ ದಿನ ಭಾನುವಾರ. ಒಂಬತ್ತು ವರ್ಷದ ಮಗಳು ಜಾಸ್ಮೀನಳ ಮೊದಲ ರೋಜಾ, ಬದುಕಿನ ಮೊದಲ ಉಪವಾಸ. ಸಂಜೆಗೆ ಓಣಿಯ ಹೆಂಗಸರನ್ನು ಕರೆದಾಗಿತ್ತು. ಮೆಹರಾಜ ಮೂರಕ್ಕೇ ಎದ್ದು ಸೆಹರಿಯ, ನಸುಕಿನ ಊಟದ, ಅಡುಗೆ ಮಾಡಿ, ಮಗಳಿಗೆ ಉಣಿಸಿ, ಸಂಜೆಯ ಬಿರಿಯಾನಿಗೆ ಉಳ್ಳಾಗಡ್ಡಿ ಹೆಚ್ಚಿಟ್ಟಳು. ಅತ್ತೆ ದಾವಲಬೀ ಹತ್ತಿರ ಕೂತು ನೆನಪಿಸಿದಳು.

"ನಮ್ಮ ಮನಿತನದಾಗ ಮೊದಲನೇ ರೋಜಾ ಬಿಡೂದು ತಾಯಿ ಕೈಲೇ. ರೋಜಾ ಇದ್ದ ತಾಯಿ ಕೈ ಖಜೂರ. ನಂಗ ನಮ್ಮವ್ವ ತಿನಿಸಿದ್ಳು, ನಿನ್ನ ಗಂಡ ವಾಹೀದಗ ನಾ ತಿನಿಸೀನಿ. ಇವತ್ತ ನಿನ್ನ ಪಾಳಿ."

ಅಂದು ಹನಮೇಶ ಯಾವುದೋ ಕೆಲಸಕ್ಕೆ ಕೊಪ್ಪಳಕ್ಕೆ ಹೋಗಿದ್ದ. ಮೆಹರಾಜ ಒಬ್ಬಳೇ ಬಾಗಿಲು ತೆಗೆದು, ನೆಲ ಒರೆಸಿ, ಯಂತ್ರ ಕಾಯಿಸಿದಳು. ಡಿಕಾಕ್ಷನ್ ಇಳಿಯಿತು. ಹಾಲು ನೊರೆಗಟ್ಟಿತು. ಕೈ ತನ್ನ ಪಾಡಿಗೆ ತಾನು ಕಪ್ಪನ್ನು ಎತ್ತಿತು, ಬಾಯಿ ತನ್ನ ಪಾಡಿಗೆ ತಾನು ತೆರೆಯಿತು. ಎರಡು ವರ್ಷದ ರೂಢಿ. ಬಿಸಿ ಗುಟುಕು ಗಂಟಲಿಗಿಳಿದ ಮೇಲೆ, ಪುಡಿ ದಪ್ಪಗಾಯಿತು ಅಂದುಕೊಂಡ ಮೇಲೆ, ನೆನಪಾಯಿತು.

ರೋಜಾ!

ಮರೆತು ನುಂಗಿದ್ದಕ್ಕೆ ದೋಷವಿಲ್ಲವೆಂದು ಆಕೆಗೆ ಗೊತ್ತು. ಎರಡು ಹೆಜ್ಜೆ ಆಚೆ ತೊಟ್ಟಿ ಇತ್ತು. ಕಪ್ಪು ಚೆಲ್ಲಿ ಬಾಯಿ ಮುಕ್ಕಳಿಸಿದ್ದರೆ ಮುಗಿಯುತ್ತಿತ್ತು. ಆದರೆ ಪುಡಿಯನ್ನು ಸರಿಮಾಡಿ ಇನ್ನೊಂದು ಕಪ್ಪು ಇಳಿಸಿದಳು. ಕೆಲಸಕ್ಕಾಗಿ ಅಂತ ತನಗೆ ತಾನೇ ಹೇಳಿಕೊಂಡಳು. ಈ ಸಲದ ಲಾಟೆ ಹೇಗಿತ್ತೆಂದರೆ, ನೊರೆ ಮೊದಲು ತುಟಿಗೆ ಹತ್ತಿ, ಅದರ ಅಡಿಯಿಂದ ಕಹಿ ಮೆಲ್ಲಗೆ ಬಂದು, ಹಾಲಿನ ಸಿಹಿ ಅದರ ಕೈ ಹಿಡಿದಂತೆ ಇತ್ತು. ಬೆಳಗಿನ ಕಾಫಿಯಿಲ್ಲದ ಹನ್ನೆರಡು ದಿನದ ತಲೆನೋವು ಹಣೆಯಿಂದ ಕಳಚಿ ಬಿತ್ತು. ಒಂದು ಗುಟುಕಿಗೆ ಪರೀಕ್ಷೆ ಮುಗಿದಿತ್ತು. ಆಕೆ ಸ್ಟೂಲಿನ ಮೇಲೆ ಕೂತು, ಬೀದಿಗೆ ಬೆನ್ನು ಮಾಡಿ, ಕೊನೆಯ ನೊರೆಯವರೆಗೂ ಕುಡಿದಳು.

ಹತ್ತು ಗಂಟೆಗೆ ಮುದಿಯಪ್ಪ ಬಂದ. ಅರ್ಧ ಕುಡಿದು ಕಣ್ಣರಳಿಸಿದ.

"ಇವತ್ತ ಕೈ ಕುಂತೈತಿ ನೋಡವಾ! ಯಾರು ರುಚಿ ನೋಡ್ಯಾರ?"

ಆಕೆ ಒಣಗಿದ ಮೇಜನ್ನೇ ಮತ್ತೆ ಒರೆಸಿದಳು. ಆಮೇಲೆ ಮನೆಗೆ ಹೋಗುವವರೆಗೂ ಒಂದು ಹನಿ ನೀರನ್ನೂ ಬಾಯಿಗೆ ಹಾಕಲಿಲ್ಲ. ಅದರಿಂದ ಏನೂ ಸರಿಹೋಗುವುದಿಲ್ಲವೆಂದು ಗೊತ್ತಿದ್ದೂ ಹಾಕಲಿಲ್ಲ.

ನಾಲ್ಕಕ್ಕೆ ಮನೆಗೆ ಬಂದರೆ ಜಾಸ್ಮೀನ ಬಚ್ಚಲ ಮೂಲೆಯಲ್ಲಿ ಕೂತು ಬಿಕ್ಕುತ್ತಿದ್ದಳು.

"ಅಮ್ಮಿ, ನನ್ನ ರೋಜಾ ಹೋತು. ಹೊರಗಿಂದ ಆಡಿ ಬಂದು ನೀರ ಕುಡಿದ್ಬಿಟ್ಟೆ. ಒಂದು ಗುಟುಕ ಒಳಗ ಹೋತು."

"ನೆನಪಾದ ಮ್ಯಾಗ?"

"ಬಾಯಾಗಿಂದು ಉಗುಳಿದೆ. ಖರೇನ ಅಮ್ಮಿ, ಎಲ್ಲಾ ಉಗುಳೀನಿ. ನೀರಡಿಕಿ ಭಾಳ ಆಗಿತ್ತು, ಆದ್ರೂ ಉಗುಳೀನಿ."

"ಹಂಗಾರ ಏನೂ ಆಗಿಲ್ಲ ತಗೊ. ಮರೆತು ಕುಡಿದದ್ದು ಅಲ್ಲಾನ ಕುಡಿಸಿದ್ದು ಅಂತಾರ."

"ಬೇಕಂತ ಕುಡಿದ್ರ ಒಂದಕ್ಕ ಅರವತ್ತ ರೋಜಾ, ಸಾಲಾಗಿ ಹಿಡೀಬೇಕಂತ. ಮದರಸಾದಾಗ ಕಲಿಸೂ ಆಪಾ ಹೇಳ್ಯಾರ. ಅದಕ್ಕ ಅಂಜಿದ್ನಿ."

"ಅದು ದೊಡ್ಡವರಿಗೆ," ಅಂದಳು ಮೆಹರಾಜ.

ಮಗಳಿಗೆ ಹೊಸ ಹಸಿರು ಲಂಗ ತೊಡಿಸಿ, ಮಲ್ಲಿಗೆ ಮಾಲೆ ಹಾಕಿ, ತಲೆ ಬಾಚುತ್ತಿದ್ದಳು. ಹುಡುಗಿಗೆ ಈಗ ಗೆಲುವು ಬಂದಿತ್ತು.

"ಅಮ್ಮಿ, ನೀ ಯಾವತ್ತರ ಮರೆತೀಯೇನು?"

ಬಾಚಣಿಗೆ ನಿಂತಿತು. ಇಲ್ಲ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

"ಇವತ್ತ ಮರೆತೆ. ಮೊದಲ ಗುಟುಕ."

"ಎರಡನೇದ್ದು?"

"ಅದು ಮರೆತು ಅಲ್ಲ."

ಜಾಸ್ಮೀನ ತಿರುಗಿ ತಾಯಿಯ ಮುಖ ನೋಡಿದಳು. "ಪೂರಾ ಕಪ್ಪು?"

"ಪೂರಾ."

"ಛಲೋ ಇತ್ತೇನು?"

"ಭಾಳ ಛಲೋ ಇತ್ತು ಜಾಸ್ಮೀನ."

ಹುಡುಗಿ ಮತ್ತೆ ಮುಂದಕ್ಕೆ ತಿರುಗಿದಳು. ಮಾಲೆಯ ಒಂದು ಹೂವನ್ನು ಹಿಸುಕುತ್ತ ಕೂತಳು.

ಗಂಡಸರೆಲ್ಲ ಮಸೀದಿಗೆ ಹೋಗಿದ್ದರು. ಹೆಂಗಸರು ಪಡಸಾಲೆಯಲ್ಲಿ ಊಟದ ಬಟ್ಟೆ ದಸ್ತರಖಾನ್ ಹಾಸಿ ಸುತ್ತ ಕೂತರು. ಅಜಾನ್‌ಗೆ ಇನ್ನು ಐದೇ ನಿಮಿಷ. ದಾವಲಬೀ ಖಜೂರದ ತಟ್ಟೆಯನ್ನು ಸೊಸೆಯ ಕಡೆ ಸರಿಸಿದಳು.

"ತಗೊ ಮೆಹರಾಜ, ಕೈಯಾಗ ಹಿಡಕೊಂಡಿರು."

"ದಾದಿ, ನಂಗ ನಿಮ್ಮ ಕೈಲೇ ಬೇಕು," ಅಂದಳು ಜಾಸ್ಮೀನ.

"ಹುಚ್ಚಿ, ತಾಯಿ ಕೈಲೇ ತಿನ್ನಬೇಕು."

"ಅಮ್ಮಿ ಕೈ ಸುಟ್ಟೈತಿ ದಾದಿ. ಕಾಫಿ ಯಂತ್ರಕ್ಕ. ಬೊಬ್ಬಿ ಬಂದೈತಿ, ನಾ ನೋಡೀನಿ."

ಎಲ್ಲರೂ ಮೆಹರಾಜಳ ಕೈ ನೋಡಲು ಬಗ್ಗಿದರು. ಆಕೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ನೀರಡಿಕೆಯಲ್ಲೂ ನೀರನ್ನು ಉಗುಳಿದ ಮಗಳ ಬಾಯಿ, ರೋಜಾ ಬಿಡುವ ಐದು ನಿಮಿಷ ಮೊದಲು ತಾಯಿಗಾಗಿ ಸುಳ್ಳು ಹೇಳಿತ್ತು. ಅದೂ ಎಷ್ಟು ಸಲೀಸಾಗಿ.

ಮೆಹರಾಜ ಸೆರಗಿನಿಂದ ಕೈ ತೆಗೆದು ತಟ್ಟೆಯ ಪಕ್ಕ ಇಟ್ಟಳು. ಬೊಬ್ಬೆಯಿಲ್ಲ, ಸುಟ್ಟ ಗುರುತಿಲ್ಲ.

"ಕೈ ಸುಟ್ಟಿಲ್ರಿ ಅತ್ತಿ. ನಂಗ ಇವತ್ತ ರೋಜಾ ಇಲ್ಲ."

ಪಕ್ಕದ ಮನೆಯ ಹಜರತಬೀ ಕೂಡಲೇ ಮಾತಿಗೆ ಬಂದಳು. "ಅಯ್ಯ, ತಿಂಗಳಿನ ಮಾಫಿ ದಿನ ಇರಬೇಕು ಬಿಡ್ರಿ. ಹೆಣ್ಮಕ್ಕಳಿಗೆ ಇದ್ದದ್ದ ಐತಿ."

ತಪ್ಪಿಸಿಕೊಳ್ಳುವ ಬಾಗಿಲು ಮತ್ತೊಮ್ಮೆ ತೆರೆದಿತ್ತು. ತಲೆಯಾಡಿಸಿದರೆ ಸಾಕಿತ್ತು.

"ಮಾಫಿ ದಿನ ಅಲ್ಲವಾ. ಕಾಫಿ ಕುಡಿದೀನಿ. ನೆನಪಿದ್ದೂ ಕುಡಿದೀನಿ."

ದಾವಲಬೀ ಸೊಸೆಯನ್ನು ನೋಡಿದಳು, ಮೊಮ್ಮಗಳನ್ನು ನೋಡಿದಳು, ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. ಅಷ್ಟರಲ್ಲಿ ಅಜಾನ್ ಕೇಳಿಸಿತು. ತಾನೇ ಖಜೂರ ಎತ್ತಿ ಮೊಮ್ಮಗಳ ಬಾಯಿಗಿಟ್ಟಳು. ಆಮೇಲೆ ಒಂದು ಖಜೂರವನ್ನು ಸೊಸೆಯ ಮುಂದೂ ಇಟ್ಟಳು.

"ಬಕ್ರೀದ್ ಆದ ಮ್ಯಾಗ ಸುರು ಮಾಡು. ಅರವತ್ತೂ ದಿನ ಸೆಹರಿಗೆ ನಾ ಎಬ್ಬಿಸ್ತೀನಿ," ಅಂದಳು. ದನಿ ಗಡುಸಾಗಿತ್ತು. "ಕೂಸಿನ ಬಾಯಾಗ ಸುಳ್ಳ ಬರೂವಂಗ ಮಾಡಿದ್ಯಲ್ಲ, ಅದಕ್ಕ ಏನ್ ಮಾಡತಿ, ಅದನ್ನ ನೀನ ನೋಡ್ಕೊ."

ಹೆಂಗಸರು ಶರಬತ್ತಿನ ಲೋಟಗಳಿಗೆ ಕೈಚಾಚಿದರು, ಮಾತು ಮೆಲ್ಲಗೆ ಮತ್ತೆ ಸುರುವಾಯಿತು. ಜಾಸ್ಮೀನ ಖಜೂರ ಅಗಿಯುತ್ತಿದ್ದಳು. ಮೆಹರಾಜ ಬಗ್ಗಿ ಅವಳ ಗದ್ದ ಹಿಡಿಯಲು ಹೋದಳು. ಹುಡುಗಿ ಮುಖವನ್ನು ಆಚೆ ತಿರುಗಿಸಿದಳು.

"ಕೈ ಸುಟ್ಟೈತಿ ಅಂತ ನಾ ಹೇಳಿದ್ನಲ್ಲ ಅಮ್ಮಿ," ಅಂದಳು, ಬಾಯಿ ತುಂಬಿದ್ದಂತೆಯೇ. "ನೀ ಯಾಕ ಹೇಳಿದಿ?"