ದ್ರಾಕ್ಷಾಯಣಿ ಗೌಂಡಿಯ ಕಾಗದ

ನಮ್ಮ ಹಳ್ಳಿಗಳಲ್ಲಿ ಇದೊಂದು ಹಳೆಯ ಸಂಕಟ. ಕೈಕೆಲಸ ಬಲ್ಲವರು ಊರಲ್ಲೇ ಇರುತ್ತಾರೆ, ಕೆಲಸ ಮಾತ್ರ ಹೊರಗಿನವರ ಪಾಲಾಗುತ್ತದೆ. ಯಾಕೆಂದರೆ ಅವರು ಲೆಕ್ಕ ಬರೆದ ಕಾಗದ ತರುತ್ತಾರೆ. ನಮ್ಮವರು ಬರಿಗೈಲಿ ಹೋಗಿ, "ನಾ ಮಾಡ್ತೇನ್ರಿ" ಅನ್ನುತ್ತಾರೆ.

ಹಳಿಯಾಳ ತಾಲ್ಲೂಕಿನ ದ್ರಾಕ್ಷಾಯಣಿಯ ಪಾಡೂ ಅದೇ ಆಗಿತ್ತು. ಒಂಬತ್ತು ವರ್ಷ ಆಕೆ ಗೋಡೆ ಕಟ್ಟುವ ಗೌಂಡಿಗಳ ಕೈಕೆಳಗೆ ಕಲ್ಲು, ಉಸುಕು ಹೊತ್ತಳು. ಮಧ್ಯಾಹ್ನ ಗಂಡಸರು ನೆರಳಿಗೆ ಕೂತಾಗ ಅವರ ಥಾಪಿ ಎತ್ತಿಕೊಂಡು ಸಿಮೆಂಟ್ ಹಾಕುವುದನ್ನು ಕಲಿತಳು. ಈಗ ಆರು ವರ್ಷದಿಂದ ಆಕೆಯೂ ಗೌಂಡಿ. ಆದರೆ ಯಾವಾಗಲೂ ಮತ್ತೊಬ್ಬರು ಹಿಡಿದ ಕೆಲಸದಲ್ಲಿ. ಒಂದೇ ಒಂದು ಕಟ್ಟಡವನ್ನಾದರೂ ಪಾಯದಿಂದ ತಾನೇ ಮುಂದೆ ನಿಂತು ಕಟ್ಟಬೇಕೆಂಬ ಆಸೆಯನ್ನು ಆಕೆ ಗಂಡನಿಗೂ ಹೇಳಿರಲಿಲ್ಲ. ಹೇಳಿದ ಮೇಲೆ ಆಗದೇ ಹೋದರೆ, ಆಸೆಯ ಜೊತೆ ಮಾತೂ ಹಗುರಾಗುತ್ತದೆ ಅನ್ನುವ ಅಳುಕು.

ಈ ಸಲ ಊರ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಕಟ್ಟಿಸುವುದೆಂದು ಗೊತ್ತಾಯಿತು. ದ್ರಾಕ್ಷಾಯಣಿ ಧೈರ್ಯ ಮಾಡಿ ಶಾಲಾ ಸಮಿತಿಯ ಅಧ್ಯಕ್ಷ ನಾಗಲಿಂಗಪ್ಪನವರ ಬಳಿ ಹೋದಳು.

"ಶನಿವಾರ ಸಭಾ ಐತಿ," ಅಂದರು ಅವರು. "ಏನೇನು ಸಾಮಾನು, ಎಷ್ಟು ದಿನ, ಯಾವ ಕೆಲಸದ ಹಿಂದ ಯಾವುದು, ಎಲ್ಲಾ ಬರಕೊಂಡು ಬಾ. ಬಾಯಿಮಾತು ನಡ್ಯಾಂಗಿಲ್ಲವಾ."

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ಆಕೆ. ಎದ್ದ ಗೋಡೆ ಕಣ್ಣಿಗೆ ಕಾಣುತ್ತಿತ್ತು. ಅದನ್ನು ಹಾಳೆಗೆ ಇಳಿಸುವುದು ಹೇಗೆಂದು ಕಾಣಲಿಲ್ಲ.

ಗುರುವಾರ ದಾಂಡೇಲಿಯಿಂದ ಇಶ್ರತ ಬಂದಳು. ಸುಟ್ಟುಹೋದ ಮೋಟರುಗಳಿಗೆ ಹೊಸ ತಂತಿ ಸುತ್ತುವುದು ಆಕೆಯ ಕಸಬು. ಶಾಲೆಯ ನೀರಿನ ಮೋಟರ್ ಕೂಡಿಸಿ, ಹಳೆಯ ಗೆಳತಿಯ ಮನೆಗೆ ಚಹಾಕ್ಕೆ ಬಂದವಳು ದ್ರಾಕ್ಷಾಯಣಿಯ ಮುಖ ನೋಡಿ ವಿಷಯ ಕೇಳಿದಳು.

"ಇಷ್ಟಕ್ಕ ಯಾಕ ಮೋತಿ ಸಣ್ಣ ಮಾಡಿ? ನೀ ಬಾಯಿಲೆ ಹೇಳು, ಫೋನು ಬರೀತೈತಿ."

ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಮುದಕವ್ವ ತಲೆ ಎತ್ತಿದಳು. "ಹೌದನ? ಹಂಗಾದ್ರ ನಾಳಿಂದ ರೊಟ್ಟಿನೂ ಬಡೀ ಅನ್ನು ಅದಕ್ಕ."

"ರೊಟ್ಟಿ ಬಡಿಯಾಂಗಿಲ್ಲ ಅಜ್ಜಿ, ಗ್ವಾಡೀನೂ ಕಟ್ಟಾಂಗಿಲ್ಲ. ನಾವು ಹೇಳಿದ್ದನ್ನ ತಿಳಕೊಂಡು ಬರದು ಕೊಡ್ತೈತಿ. ಎಐ ಅಂತಾರ. ಮೊನ್ನೆ ಒಂದು ಮೋಟರ್ ಮ್ಯಾಲಿನ ಇಂಗ್ಲಿಷ್ ನನಗ ಓದಾಕ ಬರಲಿಲ್ಲ. ಫೋಟೋ ತಗದು ಕೇಳಿದೆ, ಕನ್ನಡದಾಗ ಬಿಡಿಸಿ ಹೇಳ್ತು."

"ಹೇಳಿದ್ದು ಖರೇ ಅಂತ ಹೆಂಗ ನಂಬೂದು?" ಅಂದಳು ದ್ರಾಕ್ಷಾಯಣಿ.

"ಪೂರಾ ನಂಬಬ್ಯಾಡ. ಅದು ಹೇಳಿದ ಮ್ಯಾಲೂ ಮೋಟರಿನ ಹಳೇ ತಂತಿ ಸುತ್ತು ನಾ ಎಣಿಸೇ ಎಣಸ್ತೇನಿ."

ಇಶ್ರತ ಫೋನನ್ನು ಮುಂದೆ ಹಿಡಿದಳು. ದ್ರಾಕ್ಷಾಯಣಿ ಮೊದಲು ಪಿಸುಗುಟ್ಟಿದಳು. ಪಾಯ ಎಷ್ಟು ಆಳ, ಕೋಣೆ ಎಂಟು ಫೂಟು ಉದ್ದ, ಆರು ಫೂಟು ಅಗಲ, ಎಂಟು ಫೂಟು ಎತ್ತರ. ಹೇಳುತ್ತ ಹೇಳುತ್ತ ದನಿ ತೆರೆದುಕೊಂಡಿತು. ಹದಿನೈದು ವರ್ಷದಲ್ಲಿ ಆಕೆಯ ಮಾತಿಗೆ ಯಾರೂ ಅಡ್ಡ ಬಾಯಿ ಹಾಕದೆ ಇದ್ದದ್ದು ಇದೇ ಮೊದಲು. ತನಗೆ ಇಷ್ಟೆಲ್ಲ ಗೊತ್ತಿದೆಯೇ ಎಂದು ಆಕೆಗೇ ಅನ್ನಿಸಿತು.

ಫೋನು ಅಚ್ಚಕನ್ನಡದಲ್ಲಿ ಪಟ್ಟಿ ಬರೆಯಿತು. ಇಶ್ರತ ಓದಿದಳು: "ಗೋಡೆಗೆ ಇಟ್ಟಿಗೆ, ಎರಡು ಸಾವಿರದ ಇನ್ನೂರು."

ದ್ರಾಕ್ಷಾಯಣಿ ನಕ್ಕುಬಿಟ್ಟಳು. "ಎರಡು ಸಾವಿರ? ಏನ ರಾಜರ ಕೋಟಿ ಕಟ್ಟಾಕ ಹೊಂಟೇನೇನ ನಾ? ನಮ್ಮಲ್ಲಿ ಯಾರು ಇಟ್ಟಂಗಿ ಇಡ್ತಾರ? ಗ್ವಾಡಿ ಅಂದ್ರ ಕೆಂಪುಕಲ್ಲು."

"ಕೆಂಪುಕಲ್ಲು ಅಂತ ನೀ ಹೇಳೇ ಇಲ್ಲಲ್ಲ."

"ಅದನ್ನೂ ಹೇಳಬೇಕ?"

"ಹೇಳಬೇಕವಾ. ಅದೇನು ನಮ್ಮೂರು ನೋಡೇತೇನ?"

ಹೌದು, ಈ ಸೀಮೆಯಲ್ಲಿ ಆ ಮಾತನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಹೇಳುವುದೇಕೆ? ದ್ರಾಕ್ಷಾಯಣಿ ಹೊರಗೆ ಹೋಗಿ ಹಿತ್ತಲಲ್ಲಿದ್ದ ಕಲ್ಲಿಗೆ ಟೇಪ್ ಹಿಡಿದು ಬಂದಳು. ಹದಿನಾರು ಇಂಚು ಉದ್ದ, ಏಳು ಇಂಚು ದಪ್ಪ. ಈ ಸಲ ಫೋನು ಇನ್ನೂರ ಅರವತ್ತು ಎಂದಿತು. ಆಕೆ ಬೆರಳು ಮಡಚಿದಳು. ಗೋಡೆಯ ಒಂದು ಸುತ್ತಿನಲ್ಲಿ ಇಪ್ಪತ್ತು ಕಲ್ಲು, ಹದಿಮೂರು ಸುತ್ತು. ಬಾಗಿಲ ಜಾಗದಲ್ಲಿ ಉಳಿಯುವಷ್ಟು, ಒಡೆಯುವುದರಲ್ಲಿ ಹೋಗುತ್ತದೆ.

"ಈಗ ಬಂತು ದಾರಿಗೆ," ಅಂದಳು.

ಸ್ಲ್ಯಾಬಿನ ಕಬ್ಬಿಣ ಕೇಳಿದಾಗ, ಲೆಕ್ಕ ಹೇಳಿದ ಫೋನೇ ಇದನ್ನು ಎಂಜಿನಿಯರಿಗೆ ತೋರಿಸಿರಿ ಎಂದೂ ಹೇಳಿತು. "ತಲಿ ಮ್ಯಾಲೆ ಬರೂದನ್ನ ಫೋನಿನ ಮಾತಿನ ಮ್ಯಾಲೆ ಹಾಕಬ್ಯಾಡ," ಅಂದಳು ಇಶ್ರತ. ಶುಕ್ರವಾರ ದ್ರಾಕ್ಷಾಯಣಿ ಅದನ್ನೆಲ್ಲ ಹಾಳೆಗೆ ಪ್ರಿಂಟ್ ಮಾಡಿಸಿಕೊಂಡು ಪಂಚಾಯಿತಿಯ ಎಂಜಿನಿಯರನ್ನು ಕಂಡಳು. ಅವರು ಕಬ್ಬಿಣದ ಅಳತೆ ತಿದ್ದಿದರು, ಶೌಚದ ಗುಂಡಿಯ ಜಾಗವನ್ನು ಶಾಲೆಯ ಬೋರಿನಿಂದ ದೂರಕ್ಕೆ ಸರಿಸಿದರು.

ಶನಿವಾರದ ಸಭೆಯಲ್ಲಿ ನಾಗಲಿಂಗಪ್ಪ ಹಾಳೆಗಳನ್ನು ತಿರುವಿದರು. "ಫೋನ್ ಬರದದ್ದಂತಲ್ಲ ಇದು. ಕೆಲಸಾನೂ ಫೋನಿಗೇ ಕೊಟ್ಟುಬಿಡೂಣೇನ?"

ಜನ ನಕ್ಕರು. ಹಿಂದಾದರೆ ದ್ರಾಕ್ಷಾಯಣಿ ಸೆರಗು ಸರಿಪಡಿಸಿಕೊಂಡು ಕೂತುಬಿಡುತ್ತಿದ್ದಳು. ಇಂದು ಎದ್ದು ನಿಂತಳು.

"ಬರದದ್ದು ಅದು, ಕಾಕಾ. ಹೇಳಿದ್ದು ನಾನು. ಹಾಳಿ ನಿಮ್ಮ ಕೈಯಾಗ ಇರ್ಲಿ, ಏನು ಕೇಳ್ತೀರಿ ಕೇಳ್ರಿ."

ಅವರು ಪಾಯ ಕೇಳಿದರು, ಸಿಮೆಂಟಿಗೆ ನೀರು ಹೊಡೆಯುವ ದಿನ ಕೇಳಿದರು, ಮಳೆ ಬಂದರೇನು ಎಂದು ಕೇಳಿದರು. ಆಕೆ ತಡವರಿಸಲಿಲ್ಲ. ಕೊನೆಗೆ ತಾನೇ ಹೇಳಿದಳು: "ಬಾಗಲಾ ರಸ್ತಾದ ಕಡೆ ಬ್ಯಾಡ್ರಿ, ಹುಡುಗ್ಯಾರು ನಾಚಕೊಂಡು ಒಳಗ ಹೋಗಾಂಗಿಲ್ಲ. ಮತ್ತ ಒಳಗ, ಕೈಗೆ ನಿಲುಕೂವಂಗ ಒಂದು ಗೂಡು ಬೇಕು. ತಿಂಗಳ ದಿನಗಳಾಗ ಬಟ್ಟಿ ಇಡಾಕ ಜಾಗ ಇಲ್ಲದ ಎಷ್ಟು ಹುಡುಗ್ಯಾರು ಸಾಲಿ ತಪ್ಪಸ್ತಾರ, ನಿಮಗ ಗೊತ್ತಿಲ್ಲ."

ನಾಗಲಿಂಗಪ್ಪ ಹಾಳೆಗಳಲ್ಲಿ ಹುಡುಕಿದರು. "ಇದು ಇದರಾಗ ಇಲ್ಲಲ್ಲ."

"ಫೋನಿಗೆ ಗೊತ್ತಿರಲಿಲ್ರಿ. ನನಗ ಗೊತ್ತೈತಿ. ಈಗ ಬರಕೊಳ್ರಿ."

ಅವರು ಜೇಬಿನಿಂದ ಪೆನ್ನು ತೆಗೆದು ಬರೆದುಕೊಂಡರು. ಕೆಲಸ ದ್ರಾಕ್ಷಾಯಣಿಗೆ ಬಂತು.

ಸೋಮವಾರ ಆಕೆ ಪಾಯಕ್ಕೆ ದಾರ ಹಿಡಿಸುತ್ತಿದ್ದಳು. ಬುತ್ತಿ ತಂದ ಮುದಕವ್ವ ಮರದಡಿ ನಿಂತು ನೋಡಿದಳು. ದಾರಿಯಲ್ಲಿ ಹೋಗುತ್ತಿದ್ದ ಸಕ್ಕುಬಾಯಿ ಕೇಳಿದಳು, "ಯಾವೂರ ಗೌಂಡಿ ಬಂದಾನ ಯವ್ವಾ?"

"ಬಂದಾನ ಅಲ್ಲ," ಅಂದಳು ಮುದಕವ್ವ. "ನಮ್ಮ ಮನ್ಯಾಗ ಅದಾಳ. ನನ್ನ ಸೊಸಿ."

ಥಾಪಿ, ಬಡಗಿಯ ರಂದ, ವಾಯರು, ಬ್ರಷ್ಷು ಹಿಡಿದು ಬದುಕುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ವಿದ್ಯೆ ಕಾಗದವಿಲ್ಲವೆಂದು ಹಿಂದೆ ಉಳಿಯದಿರಲಿ. ಕೈಯಲ್ಲಿರುವ ಫೋನಿಗೆ ನಿಮ್ಮ ಮಾತಿನಲ್ಲೇ ಹೇಳಿ, ಕೇಳಿ, ಬರೆಸಿ. ಟೇಪ್ ಹಿಡಿದ ಅಳತೆ ಕೊಡಿ, ನಿಮ್ಮೂರಿನ ಕಲ್ಲು ಯಾವುದೆಂದು ಬಿಡಿಸಿ ಹೇಳಿ. ಬಂದ ಉತ್ತರವನ್ನು ನಿಮ್ಮ ಅನುಭವಕ್ಕೆ ತಾಳೆ ನೋಡಿ. ಜೀವಕ್ಕೆ ಸಂಬಂಧಪಟ್ಟದ್ದನ್ನು ಬಲ್ಲವರಿಗೆ ತೋರಿಸದೆ ಮಾಡಬೇಡಿ. ಆಧಾರ್, ಬ್ಯಾಂಕಿನ ಗುಟ್ಟು ಅದಕ್ಕೆ ಹೇಳಬೇಡಿ. ಬರೆಯುವ ಕೆಲಸ ಅದು ಮಾಡಲಿ. ಕೆಲಸ ಬಲ್ಲವರು ನೀವು. ಮುಂದಿನ ಸಭೆಯಲ್ಲಿ ಎದ್ದು ನಿಲ್ಲುವ ಸರದಿ ನಿಮ್ಮದು.