ಸರಿದದ್ದು ಮೇಜಲ್ಲ

ಮೈಕ್ರೊಸ್ಕೋಪು ರಿಪೇರಿ ಮಾಡುವ ಆ ಹೆಂಗಸನ್ನು ಸಂಶೋಧನಾಲಯದಲ್ಲಿ ಎಲ್ಲರೂ ಲೆನ್ಸಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಅಲ್ಲಿನ ಯಂತ್ರಗಳ ಹೊಟ್ಟೆ ಬಗೆದು ನೋಡಿದವಳು. ಸ್ಕ್ರೂ ಕೂದಲೆಳೆಯಷ್ಟು ಸಡಿಲವಾದರೂ ಅವಳ ಬೆರಳಿಗೆ ಗೊತ್ತಾಗುತ್ತಿತ್ತು.

ಆ ಬೆಳಿಗ್ಗೆ ಮುಖ್ಯಸ್ಥರು ಅವಳ ಮುಂದೆ ಒಂದು ಹಾಳೆ ಹಿಡಿದರು. ಮೈಕ್ರೊಸ್ಕೋಪಿನಲ್ಲಿ ಸ್ಲೈಡ್ ಕೂರಿಸುವ ಪುಟ್ಟ ಮೇಜು ತಾನಾಗಿ ಸರಿಯುತ್ತಿದೆ, ಯಂತ್ರದಲ್ಲಿ ದೋಷವಿದೆ ಎಂದು ಆಗಲೇ ಟೈಪಾಗಿತ್ತು. ಅವಳ ಸಹಿಯೊಂದೇ ಬಾಕಿ.

"ಮುಟ್ಟಿ ನೋಡೋಕೆ ಮುಂಚೇನೇ ರೋಗ ಗೊತ್ತಾಯ್ತಾ ಸಾರ್?"

"ಸುಮ್ನೆ ಒಂದು ಶಾಸ್ತ್ರಕ್ಕಮ್ಮ. ಹಾಕ್ಬಿಡು," ಎಂದು ಅವರು ಹೊರಟುಹೋದರು.

ಮೂಲೆಯಲ್ಲಿ ಮೇಷ್ಟ್ರು ತಲೆ ತಗ್ಗಿಸಿ ನಿಂತಿದ್ದರು. ನಲವತ್ತು ದಾಟಿದ ಮೇಲೆ ಶಾಲೆಯ ಕೆಲಸ ಬಿಟ್ಟು ಸಂಶೋಧನೆಗೆ ಬಂದವರು. ಹಳೆಯ ಹೆಸರು ಅಂಟಿಕೊಂಡೇ ಬಂದಿತ್ತು.

"ಏನು ಮೇಷ್ಟ್ರೇ, ನಡೆದದ್ದೇನು?"

"ಮಿದುಳಲ್ಲಿ ನರಕೋಶಗಳ ಊಟ-ಉಪಚಾರ ನೋಡ್ಕೊಳ್ಳೋ ಪೋಷಕ ಕೋಶಗಳಿರ್ತವೆ ಅಕ್ಕ. ಅವುಗಳೊಳಗೆ ಶಕ್ತಿ ತಯಾರಿಸೋದು ಮೈಟೊಕಾಂಡ್ರಿಯಾ. ಗಾಯ ಆದ್ರೆ ಅವು ಚೂರಾಗಿ ಅಲ್ಲೇ ಸಾಯ್ತವೆ ಅಂತ ಸಾರ್ ಹತ್ತು ವರ್ಷದಿಂದ ಬರೀತಿದ್ದಾರೆ. ನನ್ನ ವಿಡಿಯೋದಲ್ಲಿ ಚೂರಾಗ್ತವೆ, ಸಾಯಲ್ಲ. ರಕ್ತನಾಳನ ತಬ್ಕೊಂಡಿರೋ ಕೋಶದ ತುದಿಗೆ ಹೋಗಿ ಮತ್ತೆ ಒಂದಕ್ಕೊಂದು ಕೂಡ್ಕೋತವೆ."

"ಅದಕ್ಕೆ ತಪ್ಪು ನನ್ನ ಯಂತ್ರದ್ದಾ?"

"ಮೇಜು ಸರಿದದ್ದಕ್ಕೇ ಅವು ಹೋದ ಹಾಗೆ ಕಾಣುತ್ತಂತೆ. ಮಧ್ಯಾಹ್ನದ ಸಭೇಲಿ ನಾನು ವಿಡಿಯೋ ವಾಪಸ್ ತಗೋಬೇಕಂತೆ."

ಲೆನ್ಸಕ್ಕನಿಗೆ ಮೈ ಉರಿದುಹೋಯಿತು. ವಿಡಿಯೋ ಹಾಕಿಸಿ, ಪರದೆಯ ಮೇಲಿನ ಕೆಂಪು ರಕ್ತನಾಳದ ಅಂಚಿಗೆ ಉಗುರು ಒತ್ತಿಹಿಡಿದಳು. ಹಸಿರು ಬಣ್ಣ ಹಾಕಿದ ಮೈಟೊಕಾಂಡ್ರಿಯಾ ಹುಡಿಯಾಗಿ, ತಡವರಿಸಿ, ಕೆಂಪಿನತ್ತ ತೆವಳಿ ಎಳೆಗಳಾದವು. ರಕ್ತನಾಳ ಮಾತ್ರ ಅವಳ ಉಗುರು ಬಿಟ್ಟು ಕದಲಲಿಲ್ಲ.

ಅಷ್ಟಕ್ಕೇ ಬಿಡಲಿಲ್ಲ. ಗಾಜಿಗೆ ಅಂಟಿಸಿದ ಸೂಕ್ಷ್ಮ ಪ್ಲಾಸ್ಟಿಕ್ ಮಣಿಗಳನ್ನು ಯಂತ್ರದಡಿ ಇಟ್ಟು, ನಾಲ್ಕು ಗಂಟೆ ನಿಮಿಷಕ್ಕೊಂದರಂತೆ ಚಿತ್ರ ತೆಗೆಸಿದಳು. ಊಟಕ್ಕೂ ಏಳಲಿಲ್ಲ. ಮಣಿಗಳು ಇದ್ದಲ್ಲೇ ಇದ್ದವು. ಟೈಪಾಗಿದ್ದ ಸಾಲುಗಳಿಗೆಲ್ಲ ಅಡ್ಡಗೆರೆ ಎಳೆದು, "ಯಂತ್ರ ಸರಿಯಾಗಿದೆ" ಎಂದು ದಪ್ಪಕ್ಷರದಲ್ಲಿ ಬರೆದು ಸಹಿ ಹಾಕಿದಳು. ಮೇಷ್ಟ್ರನ್ನು ಹೊರಡಿಸಿಕೊಂಡು ನೇರ ಸಭೆಯ ಕೋಣೆಗೆ ನುಗ್ಗಿದಳು.

ಹಾಳೆ ನೋಡಿ ಮುಖ್ಯಸ್ಥರ ಮುಖ ಕಪ್ಪಿಟ್ಟಿತು. "ನೀನು ಮೆಕ್ಯಾನಿಕ್ಕು. ವಿಜ್ಞಾನ ನಮಗೆ ಬಿಡು."

"ಬಿಟ್ಟೆ ಸಾರ್. ಮೇಜಿನ ವಿಷಯ ನೀವು ನನಗೆ ಬಿಡಿ. ಮೇಜು ಸರಿದಿದ್ರೆ ರಕ್ತನಾಳಾನೂ ಸರೀಬೇಕಿತ್ತಲ್ವಾ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ!"

"ಬರಲ್ಲ. ಆದರೆ ಬರೆದದ್ದನ್ನ ತಿದ್ದೋದೂ ಇಲ್ಲ," ಎಂದಳು ಕಡ್ಡಿ ಮುರಿದ ಹಾಗೆ. ಇಪ್ಪತ್ತೆರಡು ವರ್ಷದ ಅನ್ನ ಅದು. ಆದರೂ ಕಾಲು ಹಿಂದೆ ಸರಿಯಲಿಲ್ಲ.

ಎಲ್ಲರ ಕಣ್ಣೂ ಮೇಷ್ಟ್ರ ಕಡೆ ತಿರುಗಿತು. ಅವರು ಮುಂದೆ ಬಂದು ನಿಂತರು. "ವಿಡಿಯೋ ವಾಪಸ್ ತಗೊಳ್ಳಲ್ಲ ಸಾರ್. ತೋರಿಸ್ತೀನಿ," ಎಂದವರೇ ದೀಪ ಆರಿಸಿ ವಿಡಿಯೋ ಹಾಕಿದರು.

ಗೋಡೆಯ ಮೇಲೆ ಹಸಿರು ಮತ್ತೆ ತೆವಳತೊಡಗಿತು. ಮುಖ್ಯಸ್ಥರು ಕುರ್ಚಿ ದಬ್ಬಿ ಎದ್ದುಹೋದರು. ಅವರ ಹಿಂದೆ ಯಾರೂ ಏಳಲಿಲ್ಲ. ವಿಡಿಯೋ ಮುಗಿದಾಗ ಕತ್ತಲಲ್ಲೊಂದು ದನಿ, "ಇನ್ನೊಂದ್ಸಲ ಹಾಕಿ, ಸ್ವಲ್ಪ ನಿಧಾನಕ್ಕೆ," ಎಂದಿತು.

ಲೆನ್ಸಕ್ಕ ಖಾಲಿಯಾದ ಆ ಕುರ್ಚಿಯನ್ನೇ ಎಳೆದುಕೊಂಡು ಕುಳಿತಳು.