ಹದಿನೈದನೇ ತಾರೀಖಿನವರೆಗೆ

ನಮ್ಮ ಕಿರಿಯ ಸಂಶೋಧಕ ಥ್ಯಾಡ್ ಎರಡು ಫೆಲೋಶಿಪ್‌ಗಳ ಆಹ್ವಾನ ಬಗಲಲ್ಲಿಟ್ಟುಕೊಂಡು ಯಾವುದಕ್ಕೂ ಹೂಂ ಅನ್ನದೆ ಕೂತಿದ್ದಾನೆ ಎಂದು ತಿಳಿದ ದಿನದಿಂದ ನಾನು ಅವನೊಡನೆ ಮಾತು ಬಿಟ್ಟಿದ್ದೆ. ಟೂಸಾನ್‌ನ ಈ ಗ್ರಹವಿಜ್ಞಾನ ಕೇಂದ್ರದಲ್ಲಿ ಕೂದಲು ಬೆಳ್ಳಗಾಗುವಷ್ಟು ಕಾಲ ಕೆಲಸ ಮಾಡಿದ್ದೇನೆ. ದೊಡ್ಡ ತಲೆಯ, ಸಣ್ಣ ಮನಸ್ಸಿನ ಜನರನ್ನು ಬೇಕಾದಷ್ಟು ನೋಡಿದ್ದೇನೆ. ಥ್ಯಾಡ್ ಅಂಥವನಲ್ಲ ಎಂದುಕೊಂಡಿದ್ದೆ. ಅದಕ್ಕೇ ಸಿಟ್ಟು ಜಾಸ್ತಿ.

ನಮ್ಮ ಕ್ಷೇತ್ರದಲ್ಲಿ ಒಂದು ಒಪ್ಪಂದವಿದೆ. ಪಿಎಚ್.ಡಿ. ಮುಗಿಸಿದವರಿಗೆ ಜನವರಿಯಲ್ಲಿ ಫೆಲೋಶಿಪ್‌ನ ಆಹ್ವಾನ ಬಂದರೂ, ಫೆಬ್ರವರಿ ಹದಿನೈದಕ್ಕೆ ಮೊದಲು ಉತ್ತರ ಕೊಡು ಎಂದು ಯಾರೂ ಒತ್ತಾಯ ಮಾಡುವಂತಿಲ್ಲ. ಒಳ್ಳೆಯ ಮನಸ್ಸಿನಿಂದ ಮಾಡಿದ ನಿಯಮವೇ. ಆದರೆ ಆಹ್ವಾನ ಸಿಕ್ಕವರು ಹದಿನೈದರವರೆಗೆ ಯೋಚನೆ ಮಾಡುತ್ತ ಕೂತರೆ, ಕಾಯುವ ಪಟ್ಟಿಯಲ್ಲಿರುವವರು ಹದಿನೈದರವರೆಗೆ ಉಸಿರು ಬಿಗಿಹಿಡಿದು ಕೂರಬೇಕು. ಪಟ್ಟಿಯಲ್ಲಿ ತಾವು ಎಷ್ಟನೆಯವರು ಎಂದು ಯಾರೂ ಹೇಳುವುದಿಲ್ಲ. ಹಾಗಾಗಿ ಎಲ್ಲರೂ ಇಂಟರ್ನೆಟ್ಟಿನಲ್ಲಿರುವ ಒಂದು ಗಾಳಿಸುದ್ದಿಯ ಪುಟಕ್ಕೆ ಕಣ್ಣು ನೆಟ್ಟಿರುತ್ತಾರೆ. ಯಾರಿಗೆ ಏನು ಸಿಕ್ಕಿತು, ಯಾರು ಬೇಡವೆಂದರು ಎಂದು ಹೆಸರು ಹೇಳದವರು ಅಲ್ಲಿ ಬರೆದು ಹೋಗುತ್ತಾರೆ. ನಕ್ಷತ್ರದ ದೂರವನ್ನು ನಾಲ್ಕು ಸಲ ಅಳೆದರೂ ನಂಬದ ಜನ ಆ ಪುಟವನ್ನು ಮಾತ್ರ ಕಣ್ಣುಮುಚ್ಚಿ ನಂಬುತ್ತಾರೆ.

ಮಾರಿಸೆಲಾ ಬ್ರಾಕಮೊಂಟೆ ಹಾಲ್ವರ್ಸನ್ ಫೆಲೋಶಿಪ್‌ನ ಕಾಯುವ ಪಟ್ಟಿಯಲ್ಲಿದ್ದಳು. ಶನಿ ಗ್ರಹದ ಉಪಗ್ರಹವೊಂದರಿಂದ ಚಿಮ್ಮುವ ಹಿಮದ ಬುಗ್ಗೆಗಳ ಮೇಲೆ ಅವಳ ಕೆಲಸ. ಆ ಬುಗ್ಗೆಗಳ ಬಗ್ಗೆ ಮಾತಾಡುವಾಗ ಊಟ ತಣ್ಣಗಾಗುವುದೂ ಅವಳಿಗೆ ತಿಳಿಯುವುದಿಲ್ಲ. ಪಿಎಚ್.ಡಿ. ಮುಗಿದು ಮೂರು ವರ್ಷದೊಳಗಿನವರಿಗೆ ಮಾತ್ರ ಈ ಫೆಲೋಶಿಪ್. ಅವಳಿಗೆ ಇದೇ ಕೊನೆಯ ವರ್ಷ. ಸಿಕ್ಕರೆ ಬುಗ್ಗೆ, ಸಿಗದಿದ್ದರೆ ಫೀನಿಕ್ಸ್‌ನ ವಿಮಾ ಕಂಪನಿ. ಆಲಿಕಲ್ಲು ಬಿದ್ದರೆ ಎಷ್ಟು ಮನೆಗಳ ಛಾವಣಿ ಹಾಳಾಗುತ್ತದೆ ಎಂದು ಲೆಕ್ಕ ಹಾಕುವ ಕೆಲಸ ಅಲ್ಲಿ ಆಗಲೇ ಸಿಕ್ಕಿತ್ತು. ಹದಿನೈದರ ಮಧ್ಯಾಹ್ನದೊಳಗೆ ಉತ್ತರ ಕೊಡಬೇಕು ಎಂದಿದ್ದರು. ವಿಮಾ ಕಂಪನಿಗೆ ನಮ್ಮ ಒಪ್ಪಂದ ಕಟ್ಟಿಕೊಂಡು ಏನಾಗಬೇಕು?

ಈ ವಿಷಯವನ್ನು ಅವಳು ನನಗೊಬ್ಬಳಿಗೇ ಹೇಳಿದ್ದಳು. "ಯಾರಿಗೂ ಹೇಳ್ಬೇಡಿ ರೊವೀನಾ. ಅಯ್ಯೋ ಪಾಪ ಅನ್ನೋ ಮುಖಗಳನ್ನ ನೋಡೋಕೆ ನನ್ನ ಕೈಲಾಗಲ್ಲ."

ಥ್ಯಾಡ್ ಅವಳ ಪಕ್ಕದ ಮೇಜಿನವನು. ಅವನಿಗೆ ಪಾಸಡೀನಾದ ಒಂದು ಫೆಲೋಶಿಪ್ಪೂ ಸಿಕ್ಕಿತ್ತು, ಹಾಲ್ವರ್ಸನ್ನೂ ಸಿಕ್ಕಿತ್ತು. ಒಂದನ್ನು ಬಿಟ್ಟರೆ ಪಟ್ಟಿ ಮುಂದೆ ಸರಿಯುತ್ತದೆ. ಬಿಡು ಎಂದು ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಮಾರಿಸೆಲಾ ಕೇಳಲಿಲ್ಲ. ನೊಗಾಲೆಸ್‌ನಿಂದ ಅವಳ ಅಮ್ಮ ಕಳಿಸಿದ ತಮಾಲೆ ಎಂಬ ಜೋಳದ ಕಡುಬುಗಳನ್ನು ಎಲ್ಲರಿಗೂ ಹಂಚಿ, ಅವನ ಮೇಜನ್ನು ಮಾತ್ರ ದಾಟಿಕೊಂಡು ಹೋದಳು.

ಹದಿನೈದರ ಬೆಳಿಗ್ಗೆ ಕಾಫಿ ಯಂತ್ರದ ಮುಂದೆ ಅವನು ಸಿಕ್ಕಿದ. ನಾನು ಮರ್ಯಾದೆಯನ್ನು ಪಕ್ಕಕ್ಕಿಟ್ಟೆ.

"ಏನೋ, ಎರಡು ತಟ್ಟೆ ಮುಂದಿಟ್ಕೊಂಡು ಯಾವ್ದನ್ನೂ ಮುಟ್ಟದೆ ಕೂತಿದ್ದೀಯಲ್ಲ, ಪಕ್ಕದಲ್ಲಿ ಹಸಿದವರು ಇರೋದು ಕಾಣಲ್ವಾ?"

"ಮೆಲ್ಲಗೆ ರೊವೀನಾ! ಬನ್ನಿ ಇಲ್ಲಿ." ಅವನು ನನ್ನನ್ನು ಚಿಕ್ಕ ಮೀಟಿಂಗ್ ಕೋಣೆಗೆ ಎಳೆದುಕೊಂಡು ಹೋಗಿ ಲ್ಯಾಪ್‌ಟಾಪ್ ತೆರೆದ. ಅಲ್ಲಿ ಒಂದು ನಕ್ಷೆ! ಏರುತ್ತ ಹೋಗುವ ಒಂದು ಗೆರೆ, ಇಳಿಯುತ್ತ ಹೋಗುವ ಒಂದು ಗೆರೆ.

"ನಾನು ಹೋಗೋದು ಪಾಸಡೀನಾಕ್ಕೇ. ಅದು ಮೊದಲ ದಿನವೇ ನಿರ್ಧಾರ ಆಗಿತ್ತು."

"ಮತ್ತೆ ಹಾಲ್ವರ್ಸನ್ ಬಿಡೋಕೆ ಏನು ರೋಗ ನಿನಗೆ?"

"ಬಿಟ್ರೆ ಅದು ಮಾಂಟ್ರಿಯಲ್‌ನ ಒಬ್ಬನಿಗೆ ಹೋಗುತ್ತೆ. ಪಟ್ಟೀಲಿ ಅವನು ಮೊದಲನೆಯವನು, ಮಾರಿಸೆಲಾ ಎರಡನೆಯವಳು. ಪುಟದಲ್ಲಿ ಬಂದಿದೆ. ಅವನಿಗೆ ಜರ್ಮನೀಲೂ ಕೆಲಸ ಸಿಕ್ಕಿದೆ, ಇವತ್ತು ಅಲ್ಲಿಗೆ ಉತ್ತರ ಕೊಡ್ಲೇಬೇಕು. ಅವನು ಅಲ್ಲಿ ಹೂಂ ಅಂದ್ಮೇಲೆ, ಸಂಜೆ ನಾನು ಬಿಡ್ತೀನಿ. ಆಗ ಅದು ನೇರ ಅವಳಿಗೇ ಬರುತ್ತೆ. ನೋಡಿ, ತಡ ಮಾಡಿದಷ್ಟೂ ಅವನಿಗೆ ಸಿಗೋ ಗೆರೆ ಇಳಿಯುತ್ತೆ, ಅವಳಿಗೆ ಸಿಗೋ ಗೆರೆ ಮೇಲಕ್ಕೆ ಹೋಗುತ್ತೆ."

ಒಂದು ತಿಂಗಳಿಂದ ಸಾಕಿಕೊಂಡಿದ್ದ ಸಿಟ್ಟನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ. ಆ ಹುಚ್ಚನ ಮೇಲೆ ತುಂಬಾ ಪ್ರೀತಿ ಬಂತು.

"ಅವಳಿಗೆ ಹೇಳಿದ್ದೀಯಾ?"

"ಹೇಗೆ ಹೇಳ್ಲಿ? ಆಸೆ ಹುಟ್ಟಿಸಿ, ಆಮೇಲೆ ಆಗ್ದೇ ಹೋದ್ರೆ?"

ಅವಳಿಗೆ ಕೊಟ್ಟ ಮಾತನ್ನು ಅಲ್ಲೇ ಮುರಿದೆ. "ಮಧ್ಯಾಹ್ನದೊಳಗೆ ಅವಳು ಫೀನಿಕ್ಸ್‌ನ ವಿಮಾ ಕಂಪನಿಗೆ ಉತ್ತರ ಕೊಡ್ಬೇಕು ಕಣೋ. ನಿನ್ನ ಸಂಜೆ ಅವಳಿಗೆ ಬರೋದೇ ಇಲ್ಲ!"

"ಯಾವ ವಿಮಾ ಕಂಪನಿ?" ಅವನ ಮುಖದ ಬಣ್ಣ ಇಳಿದುಹೋಯಿತು. ನಕ್ಷೆಯಲ್ಲಿ ಎಲ್ಲವೂ ಇತ್ತು, ಅದೊಂದೇ ಇರಲಿಲ್ಲ. ನಿಂತಲ್ಲೇ ಹಾಲ್ವರ್ಸನ್ ಕಚೇರಿಗೆ 'ಬೇಡ' ಎಂದು ಬರೆದು ಕಳಿಸಿದ.

ಇಬ್ಬರೂ ಅವಳ ಮೇಜಿನತ್ತ ಓಡಿದೆವು. ಮಾರಿಸೆಲಾ ಗೋಡೆಯ ಮೇಲಿನ ಶನಿಯ ಚಿತ್ರವನ್ನು ಬಿಚ್ಚಿ ಸುರುಳಿ ಸುತ್ತುತ್ತಿದ್ದಳು.

"ಬೆಳಿಗ್ಗೇನೇ ಹೂಂ ಅಂದ್ಬಿಟ್ಟೆ," ಎಂದಳು. "ಮಧ್ಯಾಹ್ನದ ತನಕ ಯಾಕೆ ಸುಮ್ನೆ ಸಾಯೋದು ಅಂತ."

ಥ್ಯಾಡ್ ನೆಲದ ಮೇಲೆ ಕುಸಿದು ಕೂತ. ಏನೇನೋ ತೊದಲಿದ. ಅವಳಿಗೆ ಅರ್ಧ ಅರ್ಥವಾಗುವಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು. ಹಾಲ್ವರ್ಸನ್‌ನವರೂ ಆ ಒಂದು ಉತ್ತರಕ್ಕೇ ಕಾದು ಕೂತಿದ್ದರೆಂದು ಕಾಣುತ್ತದೆ. ಅವಳು ಹೂಂ, ಹೂಂ ಎಂದು ಕೇಳಿಸಿಕೊಂಡಳು. ಸಂಜೆಯೊಳಗೆ ಹೇಳುತ್ತೇನೆ ಎಂದು ಫೋನ್ ಇಟ್ಟು ನಮ್ಮತ್ತ ತಿರುಗಿದಳು.

"ಪಟ್ಟೀಲಿ ನಾನೇ ಮೊದಲನೆಯವಳಂತೆ. ಜನವರಿಯಿಂದಲೂ ನಾನೇ ಅಂತೆ. ಒಬ್ರು ಬೇಡ ಅಂದಿದ್ರೆ ಅವತ್ತೇ ನನಗೆ ಬರ್ತಿತ್ತಂತೆ."

"ಪುಟದಲ್ಲಿ ಮಾಂಟ್ರಿಯಲ್ ಅಂತ..." ಥ್ಯಾಡ್ ಮುಖ ಮುಚ್ಚಿಕೊಂಡ.

"ಆ ಪುಟಕ್ಕಿಷ್ಟು ಬೆಂಕಿ ಹಾಕ!" ಎಂದೆ ನಾನು.

ಮಾರಿಸೆಲಾ ಅವನ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಒಂದು ತಿಂಗಳು ನಿನ್ನ ಕಂಡ್ರೆ ಮೈ ಉರೀತಿತ್ತು, ಗೊತ್ತಾ?"

"ಗೊತ್ತು. ತಮಾಲೆ ಕೊಡ್ಲಿಲ್ಲ ನೀನು."

ಅವಳು ನಕ್ಕಳು. ನಗುತ್ತಲೇ ಅಳು ಬಂತು. ಏಕೆಂದರೆ ಫೀನಿಕ್ಸ್‌ಗೆ ಮಾತು ಕೊಟ್ಟಾಗಿತ್ತು. ಬಿಟ್ಟುಬಿಡು, ಇದೆಲ್ಲ ನಡೆಯುವುದೇ ಎಂದು ನಾನೆಂದೆ. ಅವಳು ಆಗದು ಎಂದು ತಲೆಯಾಡಿಸಿದಳು. ಅಲ್ಲಿಯ ಮುಖ್ಯಸ್ಥೆ ವಿಲ್ಮಾ ಕ್ರೋನಿನ್ ಇವಳಿಗಾಗಿಯೇ ಕೆಲಸ ಕೇಳಿ ಬಂದ ಇನ್ನಿಬ್ಬರನ್ನು ವಾಪಸ್ ಕಳಿಸಿದ್ದರಂತೆ. "ಅವರ ಹತ್ರ ಕೇಳ್ತೀನಿ. ಬಿಡಲ್ಲ ಅಂದ್ರೆ ಅಲ್ಲಿಗೇ ಹೋಗ್ತೀನಿ," ಎಂದಳು. ಹಟಮಾರಿ ಹುಡುಗಿ! ನಮಗೂ ಕೇಳಲೆಂದು ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದಳು.

ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಬೈಗುಳಕ್ಕೆ ನಾವು ಮೂವರೂ ತಯಾರಾಗಿ ನಿಂತೆವು.

"ಇವತ್ತು ಹದಿನೈದು, ಅಲ್ವಾ?" ಎಂದರು ವಿಲ್ಮಾ. "ನಾನೂ ಒಂದು ವರ್ಷ ಆ ಪಟ್ಟೀಲಿದ್ದೆ. ಸಂಜೆ ತನಕ ಫೋನ್ ಪಕ್ಕಾನೇ ಕೂತಿದ್ದೆ. ನನಗೆ ಯಾರೂ ಮಾಡ್ಲಿಲ್ಲಮ್ಮ. ನಿನಗೆ ಮಾಡಿದಾರೆ. ನೀನು ಹೋಗು."

ಮಾರಿಸೆಲಾ ಕಣ್ಣೊರೆಸಿಕೊಂಡಳು. ಆಮೇಲೆ ಕೇಳಿದಳು: "ನೀವು ಯಾವುದರ ಮೇಲೆ ಕೆಲಸ ಮಾಡ್ತಿದ್ರಿ?"

"ಧೂಮಕೇತುವಿನ ಬಾಲ," ಎಂದರು ಅವರು. ಫೋನ್ ಇಡುತ್ತಾರೆ ಎಂದುಕೊಂಡೆವು. ಇಡಲಿಲ್ಲ. ಮೊದಲು ತಡವರಿಸಿ, ಆಮೇಲೆ ಅವಸರ ಅವಸರವಾಗಿ, ಬಾಲದ ಧೂಳಿನ ಬಗ್ಗೆ ಹೇಳುತ್ತಲೇ ಹೋದರು. ಮಾರಿಸೆಲಾ ಪೆನ್ನು ಕೈಗೆತ್ತಿಕೊಂಡು ಪ್ರಶ್ನೆ ಕೇಳತೊಡಗಿದಳು.